ಬಾಗಿಲ ಮುಂದಿನ ಮೊಗ್ರಾ ಗಿಡ

ಅಣ್ಣಾ, ಈಗ ಮೈಲೂರದಾಗ ನಡದಿದ್ದು ಹೇಳಿದ್ರ ನೀವು ನಂಬೂದಿಲ್ರಿ. ನಮ್ಮ ನರ್ಸರಿಗಿ ಒಬ್ಬರು ವಯಸ್ಸಾದ ಖಾಲಾ ಫೋನ್ ಮಾಡಿದ್ರು, ಮೊಗ್ರಾ ಮಲ್ಲಿಗಿ ಗಿಡದ ಎಲಿ ಹಳದಿಯಾಗಿ ಉದರ್ಲತ್ತಾವ, ಬಂದು ನೋಡು ಅಂತ. ಖಾಲಾ ಭಾಲ್ಕಿ ತವರಮನಿಯಿಂದ ತಂದ, ಅವರ ಅಮ್ಮಿ ಗಿಡರಿ ಅದು. ಅಲ್ಲಿ ಈಗ ಮನಿನೂ ಇಲ್ಲ, ತಾಯಿನೂ ಇಲ್ಲ.

ಹೋದ ಕೂಡ್ಲೇ ಗಿಲಾಸ್ ತುಂಬ ನೀರು ಕೊಟ್ರು. ಅರ್ಧಾ ಕುಡದೆ, ಉಳದಿದ್ದು ಬಾಗಿಲ ಬಾಜು ಇದ್ದ ಆ ಗಿಡದ ಕುಂಡಕ್ಕೇ ಸುರದೆ. ಎಲ್ರೂ ಹಂಗೇ ಮಾಡ್ತೇವಲ್ರಿ. ಆಮ್ಯಾಲ ಮಣ್ಣಾಗ ಕೈಬಟ್ಟು ಇಟ್ರ ಒಳಗ ಪೂರಾ ಕೆಸರು.

"ಖಾಲಾ, ಬೇರು ಕೊಳೀಲತ್ತಾವ್ರಿ. ಬಟ್ಟಿನ ಎರಡು ಗೆಣ್ಣಿನ ತನಕ ಮಣ್ಣು ಒಣಗಿದ್ರ ಮಾತ್ರ ನೀರು ಹಾಕ್ರಿ. ಇಷ್ಟು ಯಾರು ಹಾಕ್ತಾರ?"

"ನಾ ಎಲ್ಲಿ ಹಾಕ್ತೇನಿ ಬೇಟಾ? ಮನಿಗಿ ಬರೋ ನಿನ್ನಂಥ ಮೆಹಮಾನರೇ ಹಾಕ್ತಾರ."

ನಾ ನಾಲಿಗಿ ಕಚ್ಚಿಕೊಂಡೆ. "ಹಂಗಾದ್ರ ಮಾಳಿಗಿ ಮ್ಯಾಲ ಇಡ್ರಿ. ಬಿಸಲೂ ಛಲೋ ಬೀಳ್ತದ."

ಅಷ್ಟರಾಗ ಬಾಜು ಮನಿ ಕಾಕಿ ಬಂದ್ರು. ನೀರು ಕುಡದು, ಉಳದಿದ್ದು ಕುಂಡಕ್ಕ ಸುರದು, "ನಿಮ್ಮ ಅಮ್ಮಿ ಗಿಡ ಯಾಕ ಸೊರಗ್ಯದರಿ?" ಅಂದ್ರು.

ಕಾಕಿ ಹೋದ ಮ್ಯಾಲ ಖಾಲಾ ಮೆಲ್ಲಕ ಅಂದ್ರು, "ಕೇಳ್ದೇನು? ಮಾಳಿಗಿ ಮ್ಯಾಲ ಇಟ್ರ ಅಮ್ಮಿ ಹೆಸರು ಯಾರು ತಗೋತಾರ?"

ನಾ ಗಿಡ ಕುಂಡದಿಂದ ಹೊರಗ ತಗದೆ. ಕೊಳತ ಬೇರು ಕತ್ತರಿಸಿ, ಕುಂಡದ ತಳದಾಗಿನ ತೂತು ದೊಡ್ಡದು ಮಾಡಿ, ಮಣ್ಣಿಗಿ ಉಸುಕು ಕಲಸಿ, ಬಾಗಿಲ ಮುಂದೇ ಇಟ್ಟು ಬಂದೇನಿ. ಬರೋರು ಸುರೀಲಿ, ನೀರು ಹರದು ಹೋಗಲಿ. ಗಿಡ ಉಳೀತದೋ ಇಲ್ಲೋ ಗೊತ್ತಿಲ್ರಿ.

ಹೇಳ್ರಿ ಅಣ್ಣಾ, ನೀವಾಗಿದ್ರ ಮಾಳಿಗಿ ಮ್ಯಾಲ ಇಡ್ತಿದ್ರೇನು?