ಸಣ್ಣ ಕೋಡಿ ದಾಟಿದ ಮುನಿಶಾಮಿ

ದಿಬ್ಬೂರಹಳ್ಳಿಯಿಂದಾಚೆ ನಮ್ಮ ಕೆರೆಯಲ್ಲಿ ಮೀನು ಹಿಡಿಯುವವನು ಮುನಿಶಾಮಿ ಒಬ್ಬನೇ. ಹೆಂಡತಿ ಸತ್ತ ಮೇಲೆ ಏರಿಯ ಕೆಳಗಿನ ಗುಡಿಸಲಲ್ಲಿ ಅವನಿಗೆ ಜೊತೆಯೆಂದರೆ ಅವಳು ಹೆಣೆದ ಬಲೆ. ಥರ್ಮಾಕೋಲ್ ತುಂಡುಗಳನ್ನು ಗೋಣಿತಾಟಿನಲ್ಲಿ ಬಿಗಿದು ಕಟ್ಟಿದ ತೆಪ್ಪವೇ ದೋಣಿ, ಎರಡೂ ಕೈಯಲ್ಲಿ ಹಿಡಿದ ಅಲ್ಯೂಮಿನಿಯಂ ತಟ್ಟೆಗಳೇ ಹುಟ್ಟು. ಬಲೆ ಜಾರದಿರಲೆಂದು ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು ಕೆರೆಯವರ ಅಭ್ಯಾಸ. ನಿಂತ ನೀರಿಗೆ ಅದು ಸರಿ.

ಆ ವರ್ಷದ ಮಳೆಗೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ದೊಡ್ಡ ಕೋಡಿಯಲ್ಲಿ ಪೂಜೆಗೆ ಸೇರಿತ್ತು. ಮುನಿಶಾಮಿ ಮಾತ್ರ ಏರಿಯ ಇನ್ನೊಂದು ತುದಿಯ ಸಣ್ಣ ಕೋಡಿಯ ಹತ್ತಿರ, ಕೊಚ್ಚಿಹೋಗುವ ಮೀನಿಗೆ ಬಲೆ ಒಡ್ಡಲು ಹೋದ. ಸೆಳೆತವು ತೆಪ್ಪವನ್ನು ಎಳೆದು ಕೋಡಿಯಾಚೆ ಎಸೆಯಿತು. ಕೂಗಿದ. ತಮಟೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಕೋಡಿಯ ಕೆಳಗೆ ಹಳ್ಳ ಎರಡು ಬಂಡೆಗುಡ್ಡಗಳ ಸಂದಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಕುರಿ ನಡೆಯುವ ದಾರಿ ಅದು; ಅಂದು ಬೆಳ್ಳಗೆ ಕುದಿಯುತ್ತಿತ್ತು. ದಡ ಸೇರಲೆಂದು ತಟ್ಟೆ ಬೀಸಿದಷ್ಟೂ ತೆಪ್ಪ ಅಡ್ಡ ತಿರುಗಿ ಬಂಡೆಗೆ ಬಡಿಯಿತು. ಹಿಂದೆ ಬರುತ್ತಿದ್ದ ಬಲೆ ಕಲ್ಲಿಗೆ ಸಿಕ್ಕಿ ಸೊಂಟ ಜಗ್ಗಿತು. ನೀರು ಬೆನ್ನ ಮೇಲೆ ಹತ್ತಿ ತಲೆಯನ್ನು ಒತ್ತಿ ಹಿಡಿಯಿತು. ತಟ್ಟೆಗಳನ್ನು ಎದೆಯಡಿ ಒತ್ತಿಕೊಂಡು ಸೊಂಟದ ಕತ್ತಿ ಹಿರಿದ. ಉಸಿರು ಕಟ್ಟುವವರೆಗೂ ಕೊಯ್ಯಲು ಮನಸ್ಸು ಬರಲಿಲ್ಲ. ಆಮೇಲೆ ಹಗ್ಗ ಕೊಯ್ದ.

ತೆಪ್ಪ ಚಿಮ್ಮಿತು. ಮುಂದೊಂದು ಹೊಂಗೆಯ ಕೊಂಬೆ ತೇಲುತ್ತಿತ್ತು. ಅದು ನೊರೆಯ ಕಡೆ ಹೋಗದೆ, ನಡುವಿನ ಕಪ್ಪು ನುಣುಪು ನೀರಿನಲ್ಲೇ ಜಾರಿತು. ಇವನೂ ದಡದ ಆಸೆ ಬಿಟ್ಟು ಬೋರಲು ಮಲಗಿ, ತೆಪ್ಪದ ಮೂತಿ ನೇರ ನಿಲ್ಲುವಷ್ಟೇ ತಟ್ಟೆ ಆಡಿಸುತ್ತಾ ಕೊಂಬೆಯ ಹಿಂದೆ ಹೋದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಗುಡ್ಡಗಳು ಹಿಂದಾದ ಮೇಲೆ ನೀರೇ ಅವನನ್ನು ಮರಳ ದಿಣ್ಣೆಗೆ ತಳ್ಳಿತು. ಬದುಕಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ. ಕೇಳಲು ಯಾರೂ ಇರಲಿಲ್ಲ.

ಬರಿಗಾಲಲ್ಲಿ ಊರು ಮುಟ್ಟುವಾಗ ಸಂಜೆ. ಪಕ್ಕದ ಗುಡಿಸಲಿನ ಆದಿಲಕ್ಷ್ಮಮ್ಮ ಪಾತ್ರೆ ಉಜ್ಜುತ್ತಿದ್ದಳು.

“ಏಮಪ್ಪಾ, ಊರೆಲ್ಲ ಕುಣೀತು, ನೀನೆಲ್ಲಿ ಹಾಳಾಗ್ ಹೋಗಿದ್ದೆ?”

“ಯಾರಾದ್ರೂ ನನ್ನ ಕೇಳಿದ್ರಾ ಅಕ್ಕಾ?”

“ಕೇಳಿದ್ರಪ್ಪ, ಮೀನು ಸಿಗ್ತದಾ ಅಂತ.”

“ಸಣ್ಣ ಕೋಡಿ ಎಳ್ಕೊಂಡೋಯ್ತು. ಗುಡ್ಡದ ಸಂದೀಲಿ ತೂರ್ಕೊಂಡು ಆಚೆ ಬಿದ್ದೆ.”

“ಆ ನೀರೊಳ್ಗಾ? ತಟ್ಟೆ ಬಡ್ಕೊಂಡಾ?” ಅವಳು ಬಿದ್ದು ಬಿದ್ದು ನಕ್ಕಳು. “ಹೋಗಯ್ಯ, ಬಟ್ಟೆ ಬದಲಾಯ್ಸು.”

ಮುನಿಶಾಮಿ ತನ್ನ ಗುಡಿಸಲಿಗೆ ನಡೆದ. ಒಲೆ ಹಚ್ಚಿ ಅದರ ಮುಂದೆ ಕೂತ. ಹೆಂಡತಿಯ ಬಲೆ ತೂಗುಹಾಕುತ್ತಿದ್ದ ಖಾಲಿ ಗೋಡೆಯ ಕಡೆ ತಿರುಗಿ, ಕೋಡಿ ಎಳೆದದ್ದರಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳತೊಡಗಿದ.