ವರ್ಗಾವಣೆಯ ಸುಳ್ಳು ಮೇಲ್

ನಾನು ಕೆಲಸ ಮಾಡುವ ಬೀಜದ ಕಂಪನಿಗೆ ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಮೂರೂ ಕಡೆ ಶಾಖೆಗಳಿವೆ. ಮೂರಕ್ಕೂ ಸೇರಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಜಹೀರಾಬಾದಿನಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದೇನೆ. ವಾರಕ್ಕೆ ಒಂದೊಂದು ದಿನ ಉಳಿದೆರಡು ಊರುಗಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರಿಂಟರ್ ಕೆಟ್ಟಾಗ, ಪಾಸ್‌ವರ್ಡ್ ಮರೆತಾಗ ಜನ ನನ್ನನ್ನು ಹುಡುಕುತ್ತಾರೆ. ಕೆಲಸ ಮುಗಿದ ಮೇಲೆ ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು.

ತಾಂಡೂರಿನ ಶಾಖೆಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ರೈತರ ದೂರುಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬರಿದ್ದರು, ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಜಹೀರಾಬಾದಿಗೆ ಹತ್ತಿರದ ನ್ಯಾಲ್ಕಲ್ ಕಡೆಯವರು. ಗಂಡ, ಮಗಳು ಊರಲ್ಲಿ, ಇವರು ತಾಂಡೂರಲ್ಲಿ ಒಂಟಿ ಕೋಣೆಯಲ್ಲಿ. ಕಚೇರಿಯಲ್ಲಿ ಎಲ್ಲರೊಡನೆ ತೆಲುಗು, ನನ್ನೊಡನೆ ಮಾತ್ರ ಮನೆಯ ಕನ್ನಡ. ನಾನು ಅಕ್ಕಾ ಎನ್ನುತ್ತಿದ್ದೆ, ಅವರು ತಮ್ಮಾ ಎನ್ನುತ್ತಿದ್ದರು. ಡಬ್ಬಿಯಲ್ಲಿದ್ದ ಜೋಳದ ರೊಟ್ಟಿ ಮುರಿದು ಕೊಡುತ್ತಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ಜಹೀರಾಬಾದಿಗಿ ವರ್ಗಾ ಆದ್ರ ಸಾಕು ನೋಡು ತಮ್ಮಾ. ದಿನಾ ಆಟೋದಾಗ ಮನಿಗಿ ಹೋಗಿ ಬರ್ತೀನಿ. ಹುಡುಗಿ ಹತ್ತನೇ ಕ್ಲಾಸಿನಾಗ ಅದಾಳ, ಕೂಡ್ಸಿ ಓದಿಸೋರು ಯಾರೂ ಇಲ್ಲ."

ಆ ವರ್ಷ ಮುಖ್ಯ ಕಚೇರಿಯಿಂದ ನನಗೊಂದು ಆದೇಶ ಬಂತು. ಕಂಪನಿಗಳಿಗೆ ಮೋಸದ ಮೇಲ್‌ಗಳು ಹೆಚ್ಚುತ್ತಿವೆ, ನೌಕರರಿಗೆ ಅವನ್ನು ಗುರುತಿಸಲು ಕಲಿಸಬೇಕು, ಆಮೇಲೆ ನಾವೇ ಒಂದು ಸುಳ್ಳು ಮೇಲ್ ಕಳಿಸಿ ಯಾರು ಮೋಸ ಹೋಗುತ್ತಾರೋ ನೋಡಬೇಕು. ಮೂರೂ ಶಾಖೆಗಳಲ್ಲಿ ಒಂದೊಂದು ತಾಸು ಪಾಠ ಮಾಡಿದೆ. ಕಳಿಸಿದವರ ವಿಳಾಸ ನೋಡಿ, ಅವಸರ ಮಾಡುವ ಮೇಲನ್ನು ನಂಬಬೇಡಿ, ಅನುಮಾನ ಬಂದರೆ ನನಗೆ ತಿಳಿಸಿ ಎಂದೆ. ಕೆಲವರು ಆಕಳಿಸಿದರು, ಕೆಲವರು ಫೋನ್ ನೋಡಿಕೊಂಡರು.

ಪರೀಕ್ಷೆಗೆ ಎಂಥ ಮೇಲ್ ಕಳಿಸಬೇಕೆಂದು ಎರಡು ದಿನ ಯೋಚಿಸಿದೆ. ಬಹುಮಾನ ಬಂದಿದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ವರ್ಗಾವಣೆ ಪಟ್ಟಿ ಎಂಬುದು ಹೊಳೆಯಿತು. 'ಈ ಸಾಲಿನ ಪಟ್ಟಿ ಸಿದ್ಧವಾಗಿದೆ, ಲಾಗಿನ್ ಆಗಿ ಒಪ್ಪಿಗೆ ಕೊಡಿ.' ಒಪ್ಪಿಗೆ ಕೊಟ್ಟವರಿಗೆ 'ನೀವು ಕೇಳಿದ ಊರಿಗೆ ವರ್ಗವಾಗಿದೆ' ಎಂದು ತೋರಿಸುವಂತೆ ಮಾಡಿ, ಅದು ಪರೀಕ್ಷೆಯೆಂದು ಮರುದಿನ ತಿಳಿಸುವುದೆಂದುಕೊಂಡೆ. ಆ ಯೋಚನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅಂದು ಒಳ್ಳೆಯ ಉಪಾಯವೆಂದು ಹೆಮ್ಮೆಯೇ ಆಗಿತ್ತು.

ಸುಳ್ಳು ಮೇಲ್ ಕಳಿಸಿ, ಮರುದಿನ ಅದು ಪರೀಕ್ಷೆಯೆಂದು ಎಲ್ಲರಿಗೂ ತಿಳಿಸಿದ ಸ್ವಲ್ಪ ಹೊತ್ತಿಗೆ ತಾಂಡೂರಿನ ಅಕ್ಕನ ಫೋನ್ ಬಂತು.

"ಆ ಪಟ್ಟಿ ನೀನೇ ಕಳ್ಸಿದ್ದೇನು?"

"ಹೌದಕ್ಕಾ, ಪರೀಕ್ಷಾಕ ಅಂತ..."

"ನಿನ್ನಿ ಹುಡುಗಿಗಿ ಹೇಳಿನಿ. ಆಕಿ ಓಣಿಗೆಲ್ಲ ಹೇಳ್ಯಾಳ. ಕೋಣಿ ಮಾಲಕರಿಗೂ ಖಾಲಿ ಮಾಡ್ತೀನಿ ಅಂದಿನಿ. ಬ್ಯಾರೆ ಯಾರರೆ ಮಾಡಿದ್ರ ಕಳ್ಳರು ಅಂತಿದ್ದೆ. ನಿನಗೇನು ಅನ್ಲಿ?"

ವಾರದ ಸರದಿಗೆ ಕಾಯದೆ ಮರುದಿನವೇ ತಾಂಡೂರಿಗೆ ಹೋದೆ. ಅವರ ಮೇಜಿನ ಮುಂದೆ ನಿಂತು, "ತಪ್ಪಾತು ಅಕ್ಕಾ, ಹಂಗ ಮಾಡಬಾರದಿತ್ತು" ಎಂದೆ. ಅವರು ಕಡತದಿಂದ ತಲೆಯೆತ್ತಿ, "ಪರ್ವಾಲೇದು ಸಾರ್" ಎಂದರು. ಪರವಾಗಿಲ್ಲ ಎಂದು, ತೆಲುಗಿನಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅಂದಿನಿಂದ ಅವರು ನನ್ನೊಡನೆ ಕನ್ನಡ ಆಡಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ತೆಲುಗಿನಲ್ಲೇ ಉತ್ತರ. ಕಚೇರಿಯ ಉಳಿದವರ ಹಾಗೆ ನಾನೂ ಅವರಿಗೆ ಸಾರ್ ಆದೆ. ಮೂರೂ ಶಾಖೆಗಳಲ್ಲಿ ನಾನು ಹೋದಾಗ ಮಾತು ನಿಲ್ಲುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಇಡೀ ದಿನ ನಾನಾಡಿದ್ದು ಬರೀ ಪಾಸ್‌ವರ್ಡಿನ ಮಾತು ಎಂದು ನೆನಪಾಗುತ್ತಿತ್ತು.

ಮುಖ್ಯ ಕಚೇರಿಗೆ ಬರೆದೆ: ಇನ್ನು ಮುಂದೆ ಜನರ ಆಸೆಯನ್ನು ಹಿಡಿದು ಪರೀಕ್ಷೆ ಮಾಡುವುದಿಲ್ಲ. ಉತ್ತರ ಬರಲಿಲ್ಲ. ಎಲ್ಲರನ್ನೂ ಕೂಡಿಸಿ ಪಾಠ ಮಾಡುವುದನ್ನು ಬಿಟ್ಟು ಒಬ್ಬೊಬ್ಬರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವರಿಗೇ ಬಂದ ಮೇಲ್‌ಗಳನ್ನು ತೆರೆಸಿ ತೋರಿಸತೊಡಗಿದೆ. ಮೋಸ ಹೋದರೂ ಬಯ್ಯುವುದಿಲ್ಲ, ಬೇಗ ತಿಳಿಸಿದರೆ ಸಾಕು ಎಂದೆ. ಅಕ್ಕನ ಪಕ್ಕದಲ್ಲೂ ಕೂತೆ. ಗಮನವಿಟ್ಟು ಕೇಳಿದರು, ಒಂದೆರಡು ಪ್ರಶ್ನೆ ಕೇಳಿದರು, ತೆಲುಗಿನಲ್ಲಿ.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. ಎಲ್ಲರೂ ಇಂದೇ ಮತ್ತೊಮ್ಮೆ ಆಧಾರ್ ಜೋಡಿಸಬೇಕೆಂದು ಮುಖ್ಯ ಕಚೇರಿಯ ಹೆಸರಲ್ಲಿ ಮೇಲ್ ಬಂದಿದೆ, ಆದರೆ ವಿಳಾಸದಲ್ಲಿ ಇಂಗ್ಲಿಷಿನ ಎಂ ಅಕ್ಷರ ಇರಬೇಕಾದ ಕಡೆ ಆರ್ ಮತ್ತು ಎನ್ ಒತ್ತಿಕೊಂಡು ಕೂತಿವೆ ಎಂದರು. ನಾನು ತೆರೆದು ನೋಡಿದೆ. ಕಣ್ಣು ಹತ್ತಿರ ತಂದರೂ ಎಂ ಎಂದೇ ಕಾಣುತ್ತಿತ್ತು. ಈ ಸಲ ಅದು ನನ್ನದಲ್ಲ, ನಿಜವಾದ ಕಳ್ಳರದು. ಕೂಡಲೇ ಮೂರೂ ಶಾಖೆಗಳಿಗೆ ಫೋನ್ ಮಾಡಿದೆ. ನಾರಾಯಣಖೇಡಿನಲ್ಲಿ ಇಬ್ಬರು ಆಗಲೇ ಪಾಸ್‌ವರ್ಡ್ ಹಾಕಿದ್ದರು. ಅವನ್ನು ಬದಲಿಸಿದೆ, ಮೇಲನ್ನು ಎಲ್ಲರ ಇನ್‌ಬಾಕ್ಸಿನಿಂದ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಅಪಾಯ ಕಳೆಯಿತು.

ಮತ್ತೆ ಅವರಿಗೆ ಫೋನ್ ಮಾಡಿ, ಎಲ್ಲರೂ ಉಳಿದದ್ದು ನಿಮ್ಮಿಂದ ಎಂದೆ. ಅವರು, ಈಗ ಪ್ರತಿಯೊಂದನ್ನೂ ಎರಡು ಸಲ ಓದುತ್ತೇನೆ ಸಾರ್, ಒಳ್ಳೆಯ ಸುದ್ದಿಯಾದರೆ ಮೂರು ಸಲ ಎಂದರು.

ವರ್ಗ ಅವರಿಗೆ ಸಿಗಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಕೆಲಸ ಬಿಟ್ಟು ಊರಿಗೆ ಹೋದರೆಂದು ಶಾಖೆಯವರಿಂದ ತಿಳಿಯಿತು. ಬಿಟ್ಟುಹೋದವರ ಮೇಲ್ ಖಾತೆ ಮುಚ್ಚುವುದು ನನ್ನ ಕೆಲಸ, ಮುಚ್ಚಿದೆ. ಅನುಮಾನ ಬಂದಾಗಲೆಲ್ಲ ಅವರು ಬರೆದು ಕಳಿಸಿದ ಎರಡೆರಡು ಸಾಲಿನ ವರದಿಗಳು ನನ್ನ ಬಳಿಯೇ ಉಳಿದಿವೆ. ಯಾವ ಅಕ್ಷರ ತಪ್ಪು, ಎಲ್ಲಿ ಅವಸರಪಡಿಸಿದ್ದಾರೆ, ಅಷ್ಟೇ. ಹೊಸಬರಿಗೆ ಕಲಿಸುವಾಗ ಅವನ್ನೇ ತೋರಿಸುತ್ತೇನೆ. ಬರೆದವರು ಯಾರೆಂದು ಯಾರೂ ಕೇಳಿಲ್ಲ.