ನಾಯಕ್ ಅಂದ್ರೆ ಯಾವ ಜನ?

‘ಏನಮ್ಮಾ, ನಮ್ ಜನ ಅಂತ ಹೇಳಿ ನಾಯಕ್ರ ಹುಡುಗನ್ ಬಯೋಡೇಟಾ ಕಳ್ಸಿದೀಯಲ್ಲ!’

ಗುಬ್ಬಿಯಿಂದ ನಮ್ಮ ಭಾವನ ಫೋನು. ಹಲೋ ಇಲ್ಲ, ತಿಂಡಿ ಆಯ್ತಾ ಇಲ್ಲ. ಇತ್ತ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಒಗ್ಗರಣೆ ಸೀಯುತ್ತಿತ್ತು. (ಭಾವನ ಫೋನು ಬರುವುದೇ ಒಗ್ಗರಣೆ ಹೊತ್ತಿಗೆ.)

ವಿಷಯ ಇಷ್ಟೇ. ಅಕ್ಕ-ಭಾವನ ಮಗಳು ಕಾವ್ಯಾಗೆ ಗಂಡು ನೋಡುತ್ತಿದ್ದರು. ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಕಡೆ, ನಮಗೆ ದೂರದ ಸಂಬಂಧವೇ ಆಗಬೇಕಾದ ಶಿವಪ್ರಸಾದ್ ಎಂಬ ಹುಡುಗನಿದ್ದಾನೆ. ಸೈನ್ಯದಲ್ಲಿದ್ದಾನೆ. ಅವನ ಬಯೋಡೇಟಾವನ್ನು ನಾನೇ ವಾಟ್ಸಾಪಿನಲ್ಲಿ ಕಳಿಸಿದ್ದೆ. ಸೈನ್ಯದವರ ರೂಢಿಯಂತೆ ಅವನು ಹೆಸರಿಗೆ ಮೊದಲು ತನ್ನ ರ‍್ಯಾಂಕ್ ಬರೆದುಕೊಂಡಿದ್ದ. ‘ನಾಯಕ್ ಶಿವಪ್ರಸಾದ್.’ ಹೆಸರಿನ ಅಕ್ಕಪಕ್ಕ ಏನು ಕಂಡರೂ ಅದರಲ್ಲಿ ಜಾತಿ ಹುಡುಕುವುದು ಭಾವನ ಹಳೇ ಚಾಳಿ. ರ‍್ಯಾಂಕನ್ನೂ ಜಾತಿ ಮಾಡಿ ಕೂತಿದ್ದರು.

‘ಅದು ಜಾತಿ ಅಲ್ಲ ಭಾವ, ರ‍್ಯಾಂಕು. ಮಿಲ್ಟ್ರಿಲಿ ಹಂಗೆ ಕರೀತಾರೆ’ ಎಂದೆ. (ಜಾತಿಯೇ ಆಗಿದ್ದರೆ ಆಕಾಶ ಬೀಳುತ್ತಿತ್ತಾ? ಕೇಳುವ ಮೊದಲೇ ಭಾವ ಖುಷಿಯಾಗಿಬಿಟ್ಟರು.)

‘ಓಹೋ, ನಾಯಕ ಅಂದ್ರೆ ಲೀಡರ್ರು! ಆಫೀಸರ್ ಅನ್ನು ಮತ್ತೆ!’

‘ಅಲ್ಲ ಭಾವ. ಸಿಪಾಯಿಗಿಂತ ಮೇಲೆ, ಹವಾಲ್ದಾರ್‌ಗಿಂತ ಕೆಳಗೆ.’

‘ಥೋ! ಹಂಗಾರೆ ಪೇದೆ ಅನ್ನು.’

ಜಾತಿಯಲ್ಲಿ ಪಾಸಾದ ಹುಡುಗ ಅರ್ಧ ನಿಮಿಷದಲ್ಲಿ ದರ್ಜೆಯಲ್ಲಿ ಫೇಲಾದ. ಫೋನಿಟ್ಟ ಮೇಲೆ ಭಾವನ ವಾಟ್ಸಾಪ್ ಡಿಪಿ ನೋಡಿದೆ. ಹಿಮದಲ್ಲಿ ಬಂದೂಕು ಹಿಡಿದು ನಿಂತ ಸೈನಿಕ, ಕೆಳಗೆ ಕೈಮುಗಿದ ಚಿಹ್ನೆ. ಅಲ್ಲಿ ನಿಂತವನೇನು ಬ್ರಿಗೇಡಿಯರ್ರಾ?

ಆದರೆ ಕಾವ್ಯಾ ಬಿಡಲಿಲ್ಲ. ಅವಳಿಗೆ ಫೋಟೋದಲ್ಲೇ ಹುಡುಗ ಹಿಡಿಸಿದ್ದ. ‘ಚಿಕ್ಕಿ, ಅಪ್ಪ ಬೇಡ ಅಂದ್ರೆ ಅವ್ರು ರಜ ಮುಗ್ಸಿ ಹೊಂಟೋಗ್ತಾರೆ. ಒಂದ್ಸಲ ನೋಡಕ್ಕಾದ್ರೂ ಒಪ್ಸು’ ಎಂದಳು. ಅಕ್ಕನೂ ಸೇರಿ ಒಪ್ಪಿಸಿದೆವು. ಯಡಿಯೂರಿನಲ್ಲಿ ಭೇಟಿ ಎಂದಾಯಿತು. ದರ್ಶನ, ಪ್ರಸಾದ ಮುಗಿಸಿ ಹೊರಗೆ ನೆರಳಿನಲ್ಲಿ ಕೂತೆವು. ಭಾವ ಶುರು ಮಾಡಿದರು.

‘ಅಲ್ಲಪ್ಪಾ, ಸೇರೋದೇ ಸೇರ್ದೆ, ಆಫೀಸರ್ ಆಗೇ ಸೇರ್ಬೋದಿತ್ತಲ್ಲ?’

ಶಿವಪ್ರಸಾದ್ ಸಿಟ್ಟಾಗಲಿಲ್ಲ. ‘ಪಿಯುಸಿ ಆದ್ಮೇಲೆ ಆಫೀಸರ್‌ಗೂ ಎಕ್ಸಾಮ್ ಬರೀಬೋದು ಅಂತ ನಮ್ಗ್ಯಾರೂ ಹೇಳ್ಲೇ ಇಲ್ಲ ಸಾರ್. ಮೇಷ್ಟ್ರು, ಊರೋರು ಎಲ್ಲ ಮಿಲ್ಟ್ರಿ ಸೇರ್ಕೊಳ್ಲಾ ಅಂದ್ರು. ರ‍್ಯಾಲಿಗೋಗಿ ಓಡ್ದೆ, ಸೆಲೆಕ್ಟ್ ಆದೆ. ಎರಡು ಬಾಗ್ಲು ಐತೆ ಅಂತ ಒಳಗೋದ್ಮೇಲೆ ಗೊತ್ತಾಯ್ತು.’

ಕೇಳಿ ನನಗೆ ಮೈಯುರಿದುಹೋಯಿತು. ಅವನ ಮೇಲಲ್ಲ, ನಮ್ಮ ಮೇಲೆ. ಡಾಕ್ಟರ್, ಎಂಜಿನಿಯರ್ ಆಗಲು ಎಷ್ಟು ದಾರಿ ಇದೆ ಎಂದು ನಮ್ಮ ತುಮಕೂರಿನಲ್ಲಿ ಆಟೋದವರೂ ಹೇಳುತ್ತಾರೆ. ಸೈನ್ಯದ ಮಾತು ಬಂದರೆ? ‘ಓದು ಹತ್ತಲ್ವಾ? ಮಿಲ್ಟ್ರಿಗೆ ಹೋಗು’ ಎಂಬ ಬೈಗುಳ ಬಿಟ್ಟರೆ ಇನ್ನೊಂದು ಮಾಹಿತಿ ನಮ್ಮಲ್ಲಿಲ್ಲ. ಒಂದು ಮೈದಾನದಲ್ಲಿ ಓಡುವ ದಾರಿ, ಇನ್ನೊಂದು ಪರೀಕ್ಷೆ ಬರೆದು, ದಿನಗಟ್ಟಲೆ ಇಂಟರ್‌ವ್ಯೂ ಕೊಟ್ಟು ಹೋಗುವ ದಾರಿ. ಎರಡನ್ನೂ ಹುಡುಗನ ಮುಂದಿಟ್ಟು, ಯಾವುದು ಬೇಕೋ ಆರಿಸಿಕೋ ಎಂದವರುಂಟೇ? ಒಂದೇ ಬಾಗಿಲು ತೋರಿಸಿದವರೇ ಈಗ ಇನ್ನೊಂದರಲ್ಲಿ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ!

‘ಈಗ್ಲೂ ಬರೀಬೋದಲ್ಲಪ್ಪ?’ ಭಾವ ಬಿಡಲಿಲ್ಲ.

‘ಬರೀಬೋದು ಸಾರ್. ಒಳಗಿರೋರ್ಗೇ ಒಂದು ಎಕ್ಸಾಮ್ ಐತೆ. ಒಂದ್ಸಲ ಬರ್ದೆ, ಇಂಟರ್‌ವ್ಯೂನಲ್ಲಿ ಹೋಯ್ತು. ಇನ್ನೊಂದ್ಸಲ ಬರೀತೀನೋ ಇಲ್ವೋ ನೋಡ್ಬೇಕು. ನನ್ ಕೈಕೆಳಗೆ ಹುಡುಗ್ರವ್ರೆ, ಅವ್ರನ್ನ ತಯಾರು ಮಾಡೋ ಕೆಲ್ಸ ನಂಗೆ ಹಿಡ್ಸಿದೆ.’

‘ಹಿಡ್ಸೋದಲ್ಲ ಕಣಪ್ಪ. ನಾಳೆ ನೆಂಟ್ರು ಅಳಿಯ ಏನಾಗವ್ನೆ ಅಂತ ಕೇಳ್ತಾರೆ. ಆಫೀಸರ್ ಆಗು, ಆಮೇಲೆ ಮಾತಾಡಣ.’

‘ಬರೆದ್ರೆ ನನಗೋಸ್ಕರ ಬರೀತೀನಿ ಸಾರ್. ನಿಮ್ ನೆಂಟ್ರಿಗೋಸ್ಕರ ಆಗಲ್ಲ’ ಎಂದು ಹುಡುಗ ಎದ್ದೇಬಿಟ್ಟ.

ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಕಾವ್ಯಾ ಬಾಯಿಬಿಟ್ಟಳು. ಅವಳು ಸರ್ಕಾರಿ ಶಾಲೆಯಲ್ಲಿ ಗೆಸ್ಟ್ ಟೀಚರ್, ಇನ್ನೂ ಕಾಯಂ ಆಗಿಲ್ಲ.

‘ಅಪ್ಪ, ಹಂಗಾರೆ ನಾನು ಹೆಡ್‌ಮಿಸ್ ಆಗೋಗಂಟ ಇವ್ರೂ ಕಾಯ್ಬೇಕಾ?’

ಶಿವಪ್ರಸಾದ್ ನಕ್ಕ. ಮತ್ತೆ ಕೂತ. ಭಾವ ಅಕ್ಕನ ಮುಖ ನೋಡಿದರು. ಅಲ್ಲಿ ಅವರಿಗೆ ಯಾವ ಸಹಾಯವೂ ಸಿಗಲಿಲ್ಲ. ಸಂಬಂಧ ಕುದುರಿತು.

ವಾಪಸ್ ಬರುವಾಗ ಕಾರಿನಲ್ಲಿ ಸುಮ್ಮನಿರಲಾಗದೆ ಕೇಳಿದೆ. ‘ಭಾವ, ಆಫೀಸರ್ ಅಂದ್ರೆ ಅಷ್ಟು ಇಷ್ಟ ನಿಮ್ಗೆ. ನಿಮ್ ಮಗನೂ ಡಿಗ್ರಿ ಮಾಡವ್ನೆ, ದಿನಾ ಜಿಮ್‌ಗೆ ಹೋಗ್ತಾನೆ. ಅವ್ನ ಕೈಲಿ ಬರ್ಸ್ಬೋದಲ್ಲ?’

‘ಅಯ್ಯೋ ಬುಡಮ್ಮ, ಇರೋನೊಬ್ಬ ಮಗ. ಮಿಲ್ಟ್ರಿಗೆ ಕಳಿಸಕ್ಕಾಗತ್ತಾ?’

ನೋಡಿ, ಇದು ನಮ್ಮ ದೇಶಪ್ರೇಮ. ಆಫೀಸರ್ ಬೇಕು, ಆದರೆ ಇನ್ನೊಬ್ಬರ ಮನೆಯಲ್ಲಿ ಹುಟ್ಟಿ, ಅಲ್ಲೇ ಓದಿ, ಸ್ಟಾರ್ ಹಾಕಿಸಿಕೊಂಡು ರೆಡಿಯಾಗಿ ಅಳಿಯನಾಗಿ ಬರಬೇಕು. ಸಿಪಾಯಿಯೂ ಬೇಕು, ಅವನು ಮೊಬೈಲಿನಲ್ಲಿದ್ದರೆ ಸಾಕು. ಆಗಸ್ಟ್ ಹದಿನೈದಕ್ಕೆ ಎದೆ ಉಬ್ಬಿಸಿ ಸೆಲ್ಯೂಟ್ ಹೊಡೆಯುವ ನಾವು, ಅವನು ಹೆಣ್ಣು ಕೇಳಿಕೊಂಡು ಬಂದರೆ ಅವನ ತೋಳಿನ ಪಟ್ಟಿ ಎಣಿಸುತ್ತೇವೆ. ನಾಚಿಕೆ ಎಂಬುದು ನಮಗೆ ಮಿಲ್ಟ್ರಿ ಕ್ಯಾಂಟೀನ್ ಕೋಟಾದಲ್ಲೂ ಸಿಗುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವಾರ ಭಾವ ಲಗ್ನಪತ್ರಿಕೆಯ ಪ್ರೂಫ್ ಕಳಿಸಿದರು. ವರನ ಹೆಸರಿನ ಕೆಳಗೆ ‘ಕೇಂದ್ರ ಸರ್ಕಾರಿ ನೌಕರರು’ ಎಂದಿತ್ತು. ಪೋಸ್ಟಾಫೀಸಿನಲ್ಲಿ ಸೀಲು ಹೊಡೆಯುವವರೂ ಅದೇ, ರೈಲಿಗೆ ಬಾವುಟ ತೋರಿಸುವವರೂ ಅದೇ. ಸೈನ್ಯ ಎಂಬ ಪದವೇ ಇಲ್ಲ! ಫೋನ್ ಮಾಡಿದೆ.

‘ನಾಯಕ್ ಅಂತ ಹಾಕ್ಸಿದ್ರೆ ಜನ ಜಾತಿ ಅನ್ಕೋತಾರೆ ಕಣಮ್ಮ. ಬರೀ ಸೈನಿಕ ಅಂತ ಹಾಕ್ಸಿದ್ರೆ ಆಫೀಸರ್ ಅಲ್ವಾ ಅಂತಾರೆ. ಇದಾದ್ರೆ ಸೇಫು’ ಎಂದರು ಭಾವ.

ಹಿಂದಿನಿಂದ ಕಾವ್ಯಾಳ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು. ‘ಅಪ್ಪ, ನಾನು ಒಪ್ಪಿದ್ದು ನಾಯಕ್ ಶಿವಪ್ರಸಾದ್‌ನ. ಈ ನೌಕರ ಯಾರೋ ನಂಗೊತ್ತಿಲ್ಲ. ಕಾರ್ಡು ಸರಿ ಮಾಡ್ಸೋಗಂಟ ನಾನು ಸೀರೆ ತಗಳಕ್ಕೂ ಬರಲ್ಲ.’

ಭಾವ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಮಾಡಲಿ.

ಅಂದಹಾಗೆ, ಅವರ ಡಿಪಿಯ ಹಿಮದಲ್ಲಿ ನಿಂತಿದ್ದಾನಲ್ಲ, ಅವನು ಯಾವ ಜನ ಅಂತ ವಿಚಾರಿಸಿದ್ದಾರಾ?